ಅಳಿಸಿದ ಪ್ರಶ್ನೆ, ಉಳಿದ ನಗು

ಹೃಷಿಕೇಶ್ ಹಿರ್ವೇ 2014ರಲ್ಲಿ ಆರಂಭಿಸಿದ ‘ಸಾಂಗ್ ಎಕ್ಸ್‌ಪ್ಲೋಡರ್’ ಪಾಡ್‌ಕಾಸ್ಟಿನಲ್ಲಿ ಸಂಗೀತಗಾರರು ತಮ್ಮ ಒಂದು ಹಾಡನ್ನು ಎಳೆಎಳೆಯಾಗಿ ಬಿಡಿಸಿ ಹೇಳುತ್ತಾರೆ. ಕೊನೆಗೆ ಹಾಡು ಇಡಿಯಾಗಿ ಕೇಳಿಬರುತ್ತದೆ. ಹಿರ್ವೇ ತಮ್ಮ ಪ್ರಶ್ನೆಗಳನ್ನೇ ಕತ್ತರಿಸಿಬಿಡುತ್ತಾರೆ. ನಿರೂಪಣೆ ಅಚ್ಚುಕಟ್ಟು, ಆದರೆ ಮಾತುಕತೆಯ ಬಿಸಿ ಆರಿದೆಯೆಂದೇ ನಮ್ಮ ಅನಿಸಿಕೆ.

ಪಾಕಲೇಖಕಿ ಸಮೀನ್ ನೊಸ್ರತ್ ಅವರೊಡನೆ 2020ರ ಲಾಕ್‌ಡೌನಿನಲ್ಲಿ ಅವರು ಆರಂಭಿಸಿದ ‘ಹೋಮ್ ಕುಕಿಂಗ್’ ಇದಕ್ಕೆ ತದ್ವಿರುದ್ಧ. ಕೇಳುಗರು ತಮ್ಮ ದನಿಯಲ್ಲೇ ಕೇಳಿದ ಅಡುಗೆಯ ಪ್ರಶ್ನೆಗಳು, ಹಿರ್ವೇ ಅವರ ಶ್ಲೇಷೆಗಳು, ಸಮೀನ್ ಅವರ ನಗು ಎಲ್ಲವೂ ಅಲ್ಲಿ ಉಳಿದಿವೆ. ಹರಟೆ ಕೆಲವೊಮ್ಮೆ ಅತಿಯಾಗುತ್ತದೆ, ನಿಜ. ಆದರೂ ನಮ್ಮ ಆಯ್ಕೆ ಇದೇ.

ಅಜ್ಜಿಯರ ಸಾರಿನ ವಿಧಾನವನ್ನು ಧ್ವನಿಮುದ್ರಿಸುವ ಸದಸ್ಯರಲ್ಲಿ ನಮ್ಮ ವಿನಂತಿ: ಮೊಮ್ಮಕ್ಕಳ ತೊದಲುಗನ್ನಡದ ಪ್ರಶ್ನೆಗಳನ್ನು ದಯವಿಟ್ಟು ಅಳಿಸಬೇಡಿ. “ಕಣ್ಣಳತೆ ಕಣೋ” ಎಂಬ ಉತ್ತರಕ್ಕೆ ರುಚಿ ಬರುವುದು ಆ ಪ್ರಶ್ನೆಯಿಂದಲೇ.