ಪ್ಲಗ್ಗು ಚುಚ್ಚುವ ಮುನ್ನ

ಡಯಲ್ ದಾರವನ್ನು ಸುತ್ತುವ ಕ್ರಮವನ್ನು ಈ ವಾರ ನಿರೂಪಿಸುವೆನೆಂದು ಮಾತು ಕೊಟ್ಟಿದ್ದುಂಟು; ಆದರೆ ಅಟ್ಟದಿಂದ ಇಳಿಸಿದ ವಾಲ್ವು ರೇಡಿಯೊದ ಧೂಳೊರೆಸಿದ ಮರುಕ್ಷಣವೇ ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, 'ಹಾಡುತ್ತದೆಯೋ ನೋಡೋಣ' ಎನ್ನುವ ಆತುರಗಾರರು ಈ ಅಂಕಣದ ಓದುಗರಲ್ಲಿಯೂ ಇದ್ದಾರೆಂದು ತಿಳಿದ ಮೇಲೆ, ದಾರದ ವಿಚಾರವನ್ನು ಮುಂದಕ್ಕೆ ತಳ್ಳುವುದು ಅನಿವಾರ್ಯವಾಯಿತು.

ಇಂಥ ಪೆಟ್ಟಿಗೆಯಲ್ಲಿ ಮೊದಲು ಕೆಡುವುದು ವಾಲ್ವೆಂಬುದು ಬಹುಜನರ ಭ್ರಮೆ. ಗಾಜಿನೊಳಗಣ ನಿರ್ವಾತವು ಕೆಡದಿದ್ದರೆ ವಾಲ್ವು ದೀರ್ಘಾಯುಷಿ. ನಿಜವಾದ ಅಪರಾಧಿ ಮೇಣದ ಕಾಗದವನ್ನೂ ಲೋಹದ ಹಾಳೆಯನ್ನೂ ಸುತ್ತಿ ಮಾಡಿದ ಹಳೆಯ ಕಂಡೆನ್ಸರು. ಅದರಲ್ಲಿಯೂ, ಹಿಂದಿನ ವಾಲ್ವಿನ ಪ್ಲೇಟಿನಲ್ಲಿರುವ ಏರು ವೋಲ್ಟೇಜನ್ನು ತಡೆಹಿಡಿದು ಧ್ವನಿಸಂಕೇತವನ್ನಷ್ಟೇ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ದಾಟಿಸಬೇಕಾದ, ಸಾಮಾನ್ಯವಾಗಿ 0.01 ಮೈಕ್ರೊಫ್ಯಾರಡ್ಡಿನ ಆ ಕಪ್ಲಿಂಗ್ ಕಂಡೆನ್ಸರು ತೇವ ಹೀರಿ ಸೋರತೊಡಗಿತೆಂದರೆ, ಋಣವಾಗಿರಬೇಕಾದ ಗ್ರಿಡ್ಡು ಧನದ ಕಡೆಗೆ ಸರಿದು, ವಾಲ್ವು ಮಿತಿಮೀರಿ ಕರೆಂಟನ್ನು ಸೆಳೆದು, ತಾನು ಕೆಡುವುದಲ್ಲದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿಯನ್ನೂ ಸುಟ್ಟುಹಾಕುವುದು. ಕೆಲವೇ ರೂಪಾಯಿಗಳ ಬಿಡಿಭಾಗದಿಂದ ದೊರಕದ ವಸ್ತುಗಳು ನಾಶವಾಗುವ ಬಗೆ ಇದು.

ಆದಕಾರಣ ಈ ಕಂಡೆನ್ಸರನ್ನೂ, ವಿದ್ಯುತ್ ಸರಬರಾಜಿನ ಫಿಲ್ಟರ್ ಕಂಡೆನ್ಸರುಗಳನ್ನೂ ಪರೀಕ್ಷಿಸಿ, ಕೆಟ್ಟವನ್ನು ಬದಲಿಸಿ, ಅನಂತರ 60 ಅಥವಾ 100 ವ್ಯಾಟಿನ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡಿನ ಮೂಲಕವೇ ಕರೆಂಟು ಕೊಡತಕ್ಕದ್ದು. ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಮುಂದುವರಿಯಬಹುದು. ಪೂರ್ಣವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟು. ಎಲ್‌ಇಡಿ ಬಲ್ಬು ಇಲ್ಲಿ ಪ್ರಯೋಜನಕ್ಕೆ ಬಾರದು.

ಆತುರಗಾರರನ್ನಾದರೂ ಕ್ಷಮಿಸಬಹುದು. ಚಾಸಿಯನ್ನು ಕಿತ್ತು ಗುಜರಿಗೆ ಹಾಕಿ, ತೇಗದ ಪೆಟ್ಟಿಗೆಯೊಳಗೆ ಬ್ಲೂಟೂತ್ ಬೋರ್ಡನ್ನು ಕೂರಿಸಿ, ಅದಕ್ಕೆ 'ಪುನರುಜ್ಜೀವನ'ವೆಂದು ಹೆಸರಿಡುವ ಸಂಪ್ರದಾಯದವರೊಡನೆ ನನ್ನ ಜಗಳ ಹಳೆಯದು, ಮುಗಿಯುವಂಥದೂ ಅಲ್ಲ. ಅವರು ನಿಲಯ ಹಿಡಿದುದನ್ನು ಹಸಿರು ಬೆಳಕಿನಿಂದ ಸೂಚಿಸುವ 'ಮ್ಯಾಜಿಕ್ ಐ' ಎಂಬ ಕಣ್ಣಿನಂಥ ವಾಲ್ವು ಇದ್ದ ಜಾಗದಲ್ಲಿ ಹಸಿರು ಎಲ್‌ಇಡಿಯನ್ನು ಅಂಟಿಸುವುದುಂಟು! ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದ 1935ರಲ್ಲಿಯೇ ಅಮೆರಿಕದ ಆರ್‌ಸಿಎ ಕಂಪನಿಯು ಮಾರುಕಟ್ಟೆಗೆ ತಂದ ಈ ಕಣ್ಣು ಕೇವಲ ಅಲಂಕಾರವಲ್ಲ. ಮುಳ್ಳು ಬೆಂಗಳೂರು ನಿಲಯದ 612 ಕಿಲೋಹರ್ಟ್ಸನ್ನು ಸಮೀಪಿಸಿದಂತೆ ಅದರ ನೆರಳು ಕಿರಿದಾಗಿ, ನಿಲಯವು ಸರಿಯಾಗಿ ಹಿಡಿದ ಸ್ಥಾನವನ್ನು ಕಿವಿಗಿಂತ ನಿಖರವಾಗಿ ತೋರಿಸುವುದು. ಎಲ್‌ಇಡಿಯಾದರೋ ನಿಲಯವಿರಲಿ, ಬಿಡಲಿ, ಒಂದೇ ಸಮನೆ ಉರಿಯುವುದು.

ಬಳಕೆಯಿಂದ ಆ ಕಣ್ಣಿನ ರಂಜಕಲೇಪ ಮಂಕಾಗುತ್ತದೆ, ಮಂಕಾದದ್ದು ಮರಳದು. ರೇಡಿಯೊವನ್ನು ಬಹುಹೊತ್ತು ಆಲಿಸುವವರು, ನಿಲಯ ಸಿಕ್ಕಿದ ಮೇಲೆ ಕಣ್ಣಿನ ಏರು ವೋಲ್ಟೇಜನ್ನು ಕಡಿದುಬಿಡಲು ಹಿಂಬದಿಯಲ್ಲಿ ತಕ್ಕ ಸಾಮರ್ಥ್ಯದ ಸಣ್ಣ ಸ್ವಿಚ್ಚೊಂದನ್ನು ಹಾಕಿಸಿಕೊಳ್ಳುವುದು ಯುಕ್ತ. ಮೂಲದಲ್ಲಿಲ್ಲದ ಸ್ವಿಚ್ಚನ್ನು ಸೇರಿಸುವುದು ಅಪಚಾರವೆಂದು ನಮ್ಮ ಪಕ್ಷದ ಶುದ್ಧವಾದಿಗಳೇ ಆಕ್ಷೇಪಿಸುವರು, ಆಕ್ಷೇಪಿಸಲಿ.