ಹೊರೆ ಹೊತ್ತವರ ದಾರಿ

2015ರ ಏಪ್ರಿಲ್ 25ರಂದು ನೇಪಾಳವನ್ನು ನಡುಗಿಸಿದ 7.8 ತೀವ್ರತೆಯ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಭಾರತದ ವಿಮಾನಗಳು ಅದೇ ದಿನ ಕಾಠ್ಮಂಡು ಸೇರಿದವು. ಆದರೆ ಪರಿಹಾರ ಕಾರ್ಯಕ್ಕೆ ಬೆಲೆ ಕಟ್ಟಬೇಕಾದದ್ದು ವಿಮಾನ ನಿಲ್ದಾಣದಲ್ಲಿ ಅಲ್ಲ; ಗೋರ್ಖಾ ಜಿಲ್ಲೆಯ ಬಾರ್ಪಾಕ್‌ನಂಥ ಬೆಟ್ಟದೂರಿನ ಕುಸಿದ ಮನೆಯಂಗಳದಲ್ಲಿ. ಆ ಅಳತೆಯಲ್ಲಿ ಮೊದಲ ವಾರಗಳ ಕೆಲಸ ಸೋತಿತೆಂದೇ ಹೇಳಬೇಕು.

ಕಾಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ. ಅದೂ ಹಾಳಾಗತೊಡಗಿದಾಗ 196 ಟನ್ನಿಗಿಂತ ಭಾರದ ವಿಮಾನಗಳನ್ನು ತಡೆಯಬೇಕಾಯಿತು. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಇಳಿದ ಸಾಮಾನು ಸುಂಕದ ಕಟ್ಟೆಯಲ್ಲಿ ಕಾದು ಕೂತದ್ದು ಮಾತ್ರ ಮನುಷ್ಯರೇ ಮಾಡಿದ ತಪ್ಪು. ಡೇರೆ, ಟಾರ್ಪಾಲಿನ್‌ಗಳಿಗೆ ಸುಂಕ ಬಿಟ್ಟ ಮೇಲೂ ತಪಾಸಣೆ ಸಡಿಲವಾಗಲಿಲ್ಲವೆಂದು ವಿಶ್ವಸಂಸ್ಥೆಯ ಅಧಿಕಾರಿಗಳೇ ದೂರಿದರು. ಮಳೆಗಾಲ ಆರು ವಾರ ದೂರವಿದ್ದಾಗ ಒಂದೊಂದು ದಿನಕ್ಕೂ ಬೆಲೆಯಿತ್ತು.

ಬೆಟ್ಟದೂರುಗಳಿಂದ ಗಾಯಾಳುಗಳನ್ನು ಎತ್ತಿ ತರಲು ಹೆಲಿಕಾಪ್ಟರ್‌ಗೆ ಸಾಟಿಯಿಲ್ಲ. ಆದರೆ ಊರೂರಿಗೆ ಅಕ್ಕಿ, ತಗಡು ಹೊರಲು ಅದು ದುಬಾರಿ. ಮೋಡ ಕವಿದರೆ ಅಪಾಯ ಬೇರೆ. ಮೇ 12ರಂದು ಪರಿಹಾರಕ್ಕೆ ಹೊರಟಿದ್ದ ಅಮೆರಿಕದ ಸೇನಾ ಹೆಲಿಕಾಪ್ಟರ್ ಬಿದ್ದು 13 ಜನ ಪ್ರಾಣ ಕಳೆದುಕೊಂಡರು.

ಇಡೀ ಕಾರ್ಯಾಚರಣೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ವಿಶ್ವ ಆಹಾರ ಕಾರ್ಯಕ್ರಮ ಹಿಡಿದ ಕಾಲುದಾರಿ. ಚಾರಣಿಗರ ಸಾಮಾನು ಹೊತ್ತು ಬದುಕುತ್ತಿದ್ದವರನ್ನೇ ಅದು ಕೂಲಿ ಕೊಟ್ಟು ಕರೆಯಿತು, ಹೇಸರಗತ್ತೆಗಳನ್ನು ಜೊತೆಗೂಡಿಸಿತು, ಕುಸಿದ ಕಾಲುದಾರಿಗಳನ್ನು ಊರವರ ಕೈಯಿಂದಲೇ ದುರಸ್ತಿ ಮಾಡಿಸಿತು. ಪ್ರವಾಸಿಗರು ಬಾರದೆ ದುಡಿಮೆ ನಿಂತಿದ್ದ ಮನೆಗಳಿಗೆ ಆ ಕೂಲಿಯೇ ಪರಿಹಾರವಾಯಿತು. ಅಕ್ಕಿ ತಿಂದು ಮುಗಿದ ಮೇಲೂ ದಾರಿ ಉಳಿಯಿತು. ಇದರಲ್ಲಿ ಊರವರು ಕೈಚಾಚಿ ನಿಂತವರಲ್ಲ, ಕೆಲಸದ ಯಜಮಾನರು. ಕೊರತೆಯೆಂದರೆ, ಈ ದಾರಿ ಹೊಳೆದದ್ದು ಉಳಿದವು ಸಾಲದಾದ ಮೇಲೆ. ಯಾವ ಹಳ್ಳಿಗೆ ಎಷ್ಟು ದಿನದ ನಡಿಗೆ, ಎಲ್ಲಿ ಹೊಳೆ ದಾಟಬೇಕು ಎಂಬುದು ಹೊರೆ ಹೊರುವವರಿಗೆ ಮೊದಲೇ ಗೊತ್ತಿತ್ತು. ಅವರನ್ನು ಕೇಳಿದ್ದು ತಡವಾಗಿ.

2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಡಿಕೇರಿ–ಮಂಗಳೂರು ರಸ್ತೆ ಮುಚ್ಚಿದ್ದನ್ನು ಕಂಡ ನಮಗೂ ಈ ಪಾಠ ದೂರದ್ದಲ್ಲ. ಮಲೆನಾಡಿನ ಪ್ರತಿ ಪಂಚಾಯಿತಿಯೂ ಮಳೆ ಹಿಡಿಯುವ ಮುನ್ನ ತನ್ನ ಒಳದಾರಿಗಳನ್ನು, ಅವನ್ನು ಬಲ್ಲವರನ್ನು ಪಟ್ಟಿ ಮಾಡಿಟ್ಟುಕೊಳ್ಳಲಿ.