ಪಾಚಿಯ ಜಲಜನಕ ಮತ್ತು ಬೆಳಕಿನ ಲೆಕ್ಕ

ಹಸಿರು ಪಾಚಿಯಿಂದ ಜಲಜನಕ ಪಡೆಯಬಹುದೆಂಬುದು ಹಳೆಯ ಸಂಗತಿ. ಷಿಕಾಗೋದಲ್ಲಿ ಹಾನ್ಸ್ ಗ್ಯಾಫ್ರಾನ್ ಮತ್ತು ಜ್ಯಾಕ್ ರೂಬಿನ್ 1942ರಲ್ಲೇ ಇದನ್ನು ದಾಖಲಿಸಿದ್ದರು. ಇಷ್ಟು ವರ್ಷವಾದರೂ ಅದು ಇಂಧನವಾಗಿ ಕೈಗೆ ಬಾರದಿರಲು ಮುಖ್ಯ ತೊಡಕು ಪಾಚಿಯ ಒಡಲಲ್ಲೇ ಇದೆ. ಬೆಳಕು ಬಿದ್ದು ನೀರು ಒಡೆದಾಗ ಆಮ್ಲಜನಕ ಹುಟ್ಟುತ್ತದೆ. ಜಲಜನಕ ತಯಾರಿಸುವ ಹೈಡ್ರೋಜಿನೇಸ್ ಕಿಣ್ವವನ್ನು ಅದೇ ಆಮ್ಲಜನಕ ಕೆಡಿಸುತ್ತದೆ.

2000ದಲ್ಲಿ ಅಮೆರಿಕದ ಅನಸ್ಟಾಸಿಯೋಸ್ ಮೆಲಿಸ್ ಮತ್ತು ಸಂಗಡಿಗರು ಕ್ಲಾಮಿಡೊಮೊನಾಸ್ ಪಾಚಿಗೆ ಗಂಧಕ ತಪ್ಪಿಸಿದರು. ನೀರು ಒಡೆಯುವ ಯಂತ್ರಾಂಗದ ದುರಸ್ತಿ ನಿಂತು ಆಮ್ಲಜನಕ ಇಳಿಯಿತು, ಕೆಲವು ದಿನ ಜಲಜನಕ ಹೊಮ್ಮಿತು. ಜಾಣ ಉಪಾಯವೇ ಸರಿ. ಆದರೆ ಯಾವ ಯಂತ್ರಾಂಗದಿಂದ ಇಂಧನ ಬರಬೇಕೋ ಅದನ್ನೇ ಸೊರಗಿಸುವ ವಿಧಾನ ಬಹುಕಾಲ ಬಾಳಲಾರದು.

ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಸೆರ್ಗೆಯ್ ಕೊಸೌರೊವ್ ಮತ್ತು ಯಾಗುತ್ ಅಲ್ಲಾವೆರ್ದಿಯೇವಾ ಅವರ ತಂಡ 2018ರಲ್ಲಿ ಹಿಡಿದ ದಾರಿ ನನಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ಪಾಚಿಯನ್ನು ಉಪವಾಸ ಕೆಡವದೆ, ಅದರ ಮೇಲೆ ಒಂದು ಸೆಕೆಂಡ್ ಪ್ರಖರ ಬೆಳಕು ಚೆಲ್ಲಿ ಒಂಬತ್ತು ಸೆಕೆಂಡ್ ಕತ್ತಲಲ್ಲಿಡುವ ಕ್ರಮವಿದು. ಇಂಗಾಲವನ್ನು ಸಕ್ಕರೆಯಾಗಿಸುವ ಕ್ಯಾಲ್ವಿನ್ ಚಕ್ರ ಬೆಳಕಿನಲ್ಲಿ ಚುರುಕಾಗಲು ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ನೀರು ಒಡೆದು ಬಂದ ಎಲೆಕ್ಟ್ರಾನುಗಳು ಹೈಡ್ರೋಜಿನೇಸ್ ಪಾಲಾಗುತ್ತವೆ. ಚಿಮ್ಮಿದ ಆಮ್ಲಜನಕವೂ ಹೆಚ್ಚು ಶೇಖರವಾಗುವುದಿಲ್ಲ. ಜೀವಕೋಶದ ಗತಿಯನ್ನು ಅರಿತು ಬೆಳಕಿನ ಹೊತ್ತನ್ನು ಗೊತ್ತುಮಾಡಿದ್ದೇ ಇದರ ಹಿರಿಮೆ.

ಇಂಧನವೆಂದು ತೂಗಿದಾಗ ಮಾತ್ರ ತಕರಾರು ಏಳುತ್ತದೆ. ಸೂರ್ಯ ಮಿಣುಕಿ ಮಿಣುಕಿ ಬೆಳಗುವುದಿಲ್ಲ. ಪಾಚಿ ಬೆಳೆಸುವ ತೊಟ್ಟಿಗೆ ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಮರೆ ಕಟ್ಟಿದರೆ ಅಷ್ಟು ಬಿಸಿಲು ವ್ಯರ್ಥ. ವಿದ್ಯುದ್ದೀಪ ಬಳಸಿದರೆ ಕಥೆ ಇನ್ನೂ ಕಷ್ಟ: ವಿದ್ಯುತ್ತನ್ನು ಬೆಳಕಾಗಿಸಿ, ಬೆಳಕನ್ನು ಪಾಚಿಗೆ ಉಣಿಸಿ ಜಲಜನಕ ಪಡೆಯುವ ಬದಲು, ಅದೇ ವಿದ್ಯುತ್ತಿನಿಂದ ನೇರವಾಗಿ ನೀರನ್ನು ವಿಭಜಿಸಿದರೆ ಎಷ್ಟೋ ಹೆಚ್ಚು ಜಲಜನಕ ಸಿಗುತ್ತದೆ.

ಇದಕ್ಕೆ ಉತ್ತರ ಹುಡುಕಲು ದಾರಿಗಳಿವೆ. ಒಂದೇ ಬಿಸಿಲನ್ನು ಹಲವು ತೊಟ್ಟಿಗಳಿಗೆ ಸರದಿಯಂತೆ ಹಾಯಿಸಬಹುದು. ಬೆಳಕು ಹಿಡಿಯುವ ಹಸಿರು ವರ್ಣಕವನ್ನು ತಗ್ಗಿಸಿದ ತಳಿಗಳನ್ನು ಮೆಲಿಸ್ ಬೆಳೆಸಿದ್ದಾರೆ. ಅವುಗಳಲ್ಲಿ ಮೇಲಿನ ಕೋಶಗಳು ಬೇಡದ ಬೆಳಕನ್ನೂ ನುಂಗಿ ಶಾಖವಾಗಿ ಚೆಲ್ಲುವುದು ಕಡಿಮೆಯಾಗಿ, ಆಳದ ಕೋಶಗಳಿಗೂ ಬೆಳಕು ತಲುಪುತ್ತದೆ. ಈ ಎರಡನ್ನೂ ಮಿಣುಕು ಬೆಳಕಿನ ವಿಧಾನದೊಂದಿಗೆ ಜೋಡಿಸಿ ನೋಡುವುದು ಯೋಗ್ಯ.

ಹಾಗಾಗಿ ಈ ಸಂಶೋಧನೆಗೆ ಹಣವೂ ಕಾಲವೂ ಸಲ್ಲಬೇಕು, ಇಂಧನದ ಪಟ್ಟ ಮಾತ್ರ ಈಗಲೇ ಸಲ್ಲದು. ಇನ್ನು ಬರುವ ಪ್ರತಿ ಪ್ರಯೋಗವೂ ಎಷ್ಟು ಪಟ್ಟು ಜಲಜನಕ ಹೆಚ್ಚಿತೆಂದು ಹೇಳಿ ನಿಲ್ಲದೆ, ಮರೆಮಾಡಿದ ಬಿಸಿಲನ್ನೂ ಸೇರಿಸಿ, ಬಿದ್ದ ಒಟ್ಟು ಬೆಳಕಿನಲ್ಲಿ ಎಷ್ಟು ಪಾಲು ಜಲಜನಕವಾಯಿತೆಂಬ ಲೆಕ್ಕ ಕೊಡಲಿ.